ಹನ್ನೆರಡಡಿ ಹಾಂಗ್‌ಕಾಂಗ್

ವಿರಾಜಪೇಟೆಯ ಗಡಿಯಾರ ಕಂಬದಿಂದ ಎಡಕ್ಕೆ,
ಹೊಲಿಗೆಯಂಗಡಿಯ ಮೇಲೆ, ಹದಿನಾಲ್ಕು ಮೆಟ್ಟಿಲು ಹತ್ತಿದರೆ
ಹಾಂಗ್‌ಕಾಂಗ್.
ಮೂರು ಪ್ರತಿಗೆ ಹನ್ನೆರಡು ರೂಪಾಯಿ.
ಬಾಚಣಿಗೆ, ಪೌಡರು ಪುಕ್ಕಟೆ.

ಬೊನವೆಂಚರ್ ಸೋಜರು ಬರೆದ ಪರದೆ ಅದು.
ಸಮುದ್ರವನ್ನು ಅವರು ಒಮ್ಮೆ ನೋಡಿದ್ದರು, ಕಣ್ಣಾನೂರಿನಲ್ಲಿ;
ಆಗ ಜ್ವರವಿತ್ತು, ಸರಿಯಾಗಿ ನೆನಪಿಲ್ಲ.
ಯಾರೋ ಕೊಟ್ಟ ಕ್ಯಾಲೆಂಡರಿನ ಆಗಸ್ಟ್ ತಿಂಗಳನ್ನು
ಗೋಡೆಗೆ ಹೊಡೆದು, ಒಂದು ಮಳೆಗಾಲವಿಡೀ
ಗಿರಾಕಿಯಿಲ್ಲದ ಹೊತ್ತಿನಲ್ಲಿ ಬರೆದರು:
ಬಂದರು, ಹಡಗು, ಗುಡ್ಡ ಹತ್ತುವ ಟ್ರಾಮು,
ಒಂದರ ಹೆಗಲ ಮೇಲೊಂದು ಕೂತ ಕಟ್ಟಡಗಳು.
ಕಿಟಕಿಗಳನ್ನು ಎಣಿಸಿ ಎಣಿಸಿ ಬೆಳಗಿಸುತ್ತಿದ್ದರು;
ನಾಲ್ಕುನೂರ ಹನ್ನೊಂದಕ್ಕೆ ಹಳದಿ ಮುಗಿಯಿತು.
ಉಳಿದ ಮನೆಗಳಲ್ಲಿ ಇವತ್ತಿಗೂ ಕರೆಂಟಿಲ್ಲ.

ನಾನು ಬಿಳಿ ಛತ್ರಿ ಹಿಡಿಯುವ ಹುಡುಗ.
ಬುಧವಾರ, ಸಂತೆ ಮುಗಿಸಿ, ಊರೆಲ್ಲ ಹಾಂಗ್‌ಕಾಂಗಿಗೆ ಬರುತ್ತಿತ್ತು.
ತೋಟದ ಲೈನಿನ ಪಳನಿಯಮ್ಮ
ಚಪ್ಪಲಿಯನ್ನು ಹೊರಗೇ ಬಿಟ್ಟು ನೀರಿನಂಚಿಗೆ ನಿಂತಳು,
ಸೀರೆಯನ್ನು ತುಸು ಎತ್ತಿ, ಒದ್ದೆಯಾಗದ ಹಾಗೆ.
ಕುಪ್ಯಚೇಲೆ ತೊಟ್ಟ ಮದುಮಗ ಪೂವಣ್ಣ,
ಟ್ರಾಮು ತನ್ನ ತಲೆಯಿಂದ ಹೊರಟಂತೆ ಬರಬಾರದೆಂದು
ಎರಡು ಸಲ ಜಾಗ ಬದಲಿಸಿದ.
ಜೇನು ಮಾರಿ ಬಂದ ಬೊಳ್ಕ ಮಾತ್ರ ಗುಡ್ಡವನ್ನೇ ದಿಟ್ಟಿಸಿ,
"ಇದು ನಮ್ಮ ಮಲೆತಿರಿಕೆ ಅಲ್ವಾ?" ಅಂದ.
ಸೋಜರು ಕೆಮ್ಮಿದರು.
ಕ್ಯಾಲೆಂಡರಿನಲ್ಲಿ ಗುಡ್ಡವಿರುವಲ್ಲಿ ಮೊಳೆ ಹೊಡೆದು ಹರಿದಿತ್ತು.
ಕಿಟಕಿ ತೆರೆದು, ಕಂಡದ್ದನ್ನು ಬರೆದಿದ್ದರು.

ಆಮೇಲೊಂದು ದಿನ ಕೊಟ್ಟಮುಡಿಯ ಉಸ್ಸನ್‌ಕುಟ್ಟಿ ಬಂದ.
ಹದಿನೇಳು ವರ್ಷ ಹಡಗಿನಲ್ಲಿ ಅಡುಗೆ ಮಾಡಿದವನು.
ನಾವಿಬ್ಬರೂ ಎದ್ದು ನಿಂತೆವು.
ನಿಜದ ಊರು ನೋಡಿದವನು, ಇನ್ನು ಒಂದೊಂದೇ ತಪ್ಪು ಹಿಡಿಯುತ್ತಾನೆ.
ಅವನು ಕೈಕಟ್ಟಿ ನಿಂತ. ಬಹಳ ಹೊತ್ತು.
"ದೋಣಿ ಹಸಿರಿರಬೇಕು. ಕೆಳಗೆ ಹಸಿರು, ಮೇಲೆ ಬಿಳಿ."
"ಮತ್ತೆ?"
"ಮತ್ತೆ ಗೊತ್ತಿಲ್ಲ ಸೋಜರೇ."

ಮೂರು ಸಲ ಆ ಬಂದರಿಗೆ ಹೋಗಿದ್ದನಂತೆ.
ಇಳಿದವರು ಟ್ರಾಮು ಹತ್ತಿದರು, ರಾತ್ರಿಪೇಟೆ ಸುತ್ತಿದರು,
ಕೈಗಡಿಯಾರ ಕೊಂಡರು,
ತಿರುಗಿ ಬಂದು ಊಟ ಕೇಳಿದರು.
ಅವರು ಕಂಡದ್ದನ್ನೆಲ್ಲ ಕೇಳುತ್ತ ಇವನು ಮೀನು ಹೆಚ್ಚಿದ.
ಇವನ ಪಾಲಿಗೆ ಗುಂಡು ಕಿಟಕಿಯೊಂದು,
ಊಟದ ತಟ್ಟೆಯಷ್ಟಗಲ.
ಅದರೊಳಗೆ ಆ ದೋಣಿ
ಬಲದಿಂದ ಬರುತ್ತಿತ್ತು,
ಎಡಕ್ಕೆ ಹೋಗುತ್ತಿತ್ತು.

"ಒಂದು ಫೋಟೋ ತೆಗೀರಿ."
ನಾನು ಛತ್ರಿ ಬಿಚ್ಚಿದೆ. ಸೋಜರು ಕರಿಬಟ್ಟೆಯೊಳಗೆ ತಲೆ ತೂರಿಸಿ
"ಇತ್ತ ನೋಡು ಮಾರಾಯ" ಅಂದರು.
ಅವನು ತಿರುಗಲಿಲ್ಲ.
ನಮಗೆ ಬೆನ್ನು, ಪರದೆಗೆ ಮುಖ,
ಕೈಯೆರಡೂ ಹಿಂದೆ, ಮಸಾಲೆಯ ಕಲೆ ಹೋಗದ ಉಗುರುಗಳು.
"ಹೀಗೇ ತೆಗೀರಿ. ನೋಡಲಿಕ್ಕೆ ಬಂದವನು ನಾನು."

ಮರುದಿನ ದೋಣಿಗೆ ಹಸಿರು ಬಳಿದೆವು.
ಹಣ ಕೊಡಲು ಅವನು ಬಂದ, ಸೋಜರು ತೆಗೆದುಕೊಳ್ಳಲಿಲ್ಲ,
ಹಾಗೆ ಅವರು ಮಾಡುವವರಲ್ಲ.

ಈಗ ಅಲ್ಲಿ ಮೊಬೈಲಿನ ಅಂಗಡಿ.
ಪರದೆ ನನ್ನ ಪಾಲಿಗೆ ಬಂತು, ಬಣ್ಣ ಉದುರಿ, ಬಟ್ಟೆ ಗಟ್ಟಿ,
ಕಣದ ಮೆಣಸಿಗೆ ಹೊದಿಸುತ್ತೇನೆ.
ನಿನ್ನೆ ಹೂಮಳೆ ಬಂದು ನಡುವಿನ ತಗ್ಗಿನಲ್ಲಿ
ಬೊಗಸೆಯಷ್ಟು ನೀರು ನಿಂತಿತ್ತು.
ಸಮುದ್ರದ ಮೇಲಲ್ಲ, ಕರೆಂಟಿಲ್ಲದ ಮನೆಗಳ ಮೇಲೆ.

ಪಕ್ಕದ ಹೋಂಸ್ಟೇಯಲ್ಲಿ ಇಳಿದವರು ಬೇಲಿಯಾಚೆಯಿಂದ ಕೇಳಿದರು,
"ಇಲ್ಲಿ ನೋಡುವಂಥದ್ದು ಏನೇನಿದೆ?"

ಮೆಣಸು ನೆನೆದಿದೆಯೋ ಏನೋ ಎಂದು
ನಾನು ಒಂದು ತುದಿ ಎತ್ತಿ ನೋಡುತ್ತಿದ್ದೆ.