ಗೋಡೆಯ ಕಾಲಂ

ಫಾರಮ್ಮಿನಲ್ಲಿ ಮನೆಗೆ ಮೂರೇ ಕಾಲಂ.
ಪಾಯ: ಕಲ್ಲೋ ಮಣ್ಣೋ.
ಗೋಡೆ: ಚಿರೆಯೋ ಕೆಸರೋ.
ಮಾಡು: ಹೆಂಚೋ ಸೋಗೆಯೋ.
ಬೇಡದ್ದು ಹೊಡೆದುಹಾಕಿ ಸಹಿ ಮಾಡಿದರೆ
ನನ್ನ ಕೆಲಸ ಮುಗಿಯಿತು.

ಬಿಣಗಾ ಘಟ್ಟ ಇಳಿದು ಕಾಂಡ್ಲೆವಾಡಾ.
ನೌಕಾನೆಲೆಗೆಂದು ಗುರುತಾದ ನೆಲ.
ಹನ್ನೆರಡು ಮನೆ ಬರೆದಾಗಿತ್ತು,
ಹದಿಮೂರನೆಯದರ ಮುಂದೆ
ಪೆನ್ನಿನ ಮುಚ್ಚಳ ತೆಗೆದವನು ಹಾಗೇ ನಿಂತೆ.

ಉದ್ದಕ್ಕೆ ಸೀಳಿದ ಪೀಪಾಯಿ, ಬೋರಲು.
ಅಲೆಅಲೆ ತಗಡು ನೆಲದಿಂದೆದ್ದು, ಬಾಗಿ,
ಆಚೆ ನೆಲಕ್ಕೇ ಇಳಿದಿತ್ತು.
ಗೋಡೆ ಎಲ್ಲಿ ಮುಗಿದು ಮಾಡು ಎಲ್ಲಿ ಶುರು?
ಕೈಯಿಟ್ಟು ನೋಡಿದೆ. ಚುರ್ ಅಂದಿತು.

"ಮಿಲಿಟ್ರಿಯದು," ಅಂದ ಕೈತಾನ್.
"ಅಜ್ಜ ಬಸ್ರಾದಲ್ಲಿ ಸಾಹೇಬರ ಕುಸಿನಿಯವ.
ಸಂಜೆ ಬರೀ ಮರಳು ಇದ್ದಲ್ಲಿ
ಬೆಳಿಗ್ಗೆ ಎದ್ದರೆ ಇಂಥವು ಸಾಲು ಸಾಲಂತೆ.
ಆರು ಆಳು, ನಾಲ್ಕು ತಾಸು, ಒಂದು ಪಾನಾ.
ಗಾರೆಯವನೂ ಬೇಡ, ಮುಹೂರ್ತವೂ ಬೇಡ."

ಯುದ್ಧ ಮುಗಿದು ಮುಂಬೈಯ ಹರಾಜಿನಲ್ಲಿ
ಗುಜರಿ ಕಬ್ಬಿಣದ ತೂಕಕ್ಕೆ ಕೊಂಡನಂತೆ ಅಜ್ಜ.
ಒಂದರ ಬೆನ್ನಿಗೊಂದು ಕೂತ ತಗಡು,
ಇಡೀ ಮನೆ ಒಂದೇ ಕಟ್ಟಾಗಿ
ಮಚವೆಯಲ್ಲಿ ಬಂದು ಬೈತಕೋಲದಲ್ಲಿ ಇಳಿಯಿತು.

ವಾಡದ ಖಾರ್ವಿಗಳಿಗೆ ಯಾರೂ ವಿವರಿಸಬೇಕಾಗಲಿಲ್ಲ.
ಮಳೆಗಾಲಕ್ಕೆ ಮಗುಚಿಟ್ಟ ದೋಣಿ ಇದು,
ಎಣ್ಣೆ ಕುಡಿಸದಿದ್ದರೆ ಉಳಿಯದು ಅಂದರು.
ಪ್ರತಿ ವರ್ಷ ಮೃಗಶಿರೆಗೆ ಮುಂಚೆ
ತಾರ್ಲೆ ಮೀನಿನ ಎಣ್ಣೆ, ಹಳೇ ಪಂಚೆಯ ತುಂಡಿನಲ್ಲಿ.
ತಿನ್ನಲು ಬಂದ ಉಪ್ಪುಗಾಳಿ
ಮೂಗು ಮುಚ್ಚಿಕೊಂಡು ವಾಪಸಾಯಿತು.

ಮೊದಲು ಒಣಮೀನಿನ ಕೋಠಿ.
ಆಮೇಲೆ ಏಳು ವರ್ಷ ಶಾಲೆ.
ಆಷಾಢದಲ್ಲಿ ಮಳೆ ತಗಡಿಗೆ ಬಡಿದರೆ
ಮಾಸ್ತರರ ಬಾಯಿ ಆಡುವುದಷ್ಟೇ ಕಾಣುವುದು.
ಅಲ್ಲಿ ಮಗ್ಗಿ ಕಲಿತವರು ಇಂದಿಗೂ
ತುಟಿ ನೋಡಿ ಮಾತು ಹಿಡಿಯುತ್ತಾರೆ,
ಸಾಲ ಕೇಳಲು ಹೋದರೆ
ಹೇಳುವ ಮೊದಲೇ ಇಲ್ಲ ಅನ್ನುತ್ತಾರೆ.

ಒಂದು ವರ್ಷ ವಾಂತಿಭೇದಿ. ಹನ್ನೊಂದು ಚಾಪೆ.
ಅದರ ಬಗ್ಗೆ ಕೈತಾನ್ ಹೆಚ್ಚು ಹೇಳಲಿಲ್ಲ.

ಕಡೆಗೆ ಅವನ ತಾಯಿ ಕಾರ್ಮೆಲಿನ್ ಬಾಯಿ
ಮದುವೆಯಾಗಿ ಒಳಗೆ ಬಂದಳು, ಬೀರು ಸಮೇತ.
ಬೀರುವಿನ ತಲೆ ತಗಡಿಗೆ ತಾಗಿತು,
ಕಾಲ ಹಿಂದೆ ಮೂರು ಮೂಲೆಯ ಸಂದಿ ಉಳಿಯಿತು.
ಅಲ್ಲಿ ಕೋಳಿ ಮೊಟ್ಟೆಯಿಟ್ಟಿತು,
ಪೆಟ್ಟು ತಿಂದ ಕೈತಾನ್ ಅಡಗಿದ.
ಮೊಳೆಗೆ ತೂಗಿದ ಕ್ಯಾಲೆಂಡರು
ಯಾವುದಕ್ಕೂ ತಾಗದೆ
ನಲವತ್ತು ವರ್ಷ ಗಾಳಿಯಲ್ಲೇ ಜೋತಿತು.

ನಾನು ಟೇಪು ಹಿಡಿದೆ.
ನೆಲದಗಲ ಹದಿನಾರು ಅಡಿ.
ಬೆನ್ನ ಮೇಲೆ ಹಾಯಿಸಿದರೆ ಇಪ್ಪತ್ತೈದು.
ಹದಿನಾರು ಬರೆದುಕೊಂಡೆ.
ಗೋಡೆ: ಇಲ್ಲ.
ದರ್ಜೆ: ಶೆಡ್ಡು.
ಶೆಡ್ಡಿಗೆ ಕೊಟ್ಟಿಗೆಯ ರೇಟು.

"ಎಂತ ಬರೆದ್ರಿ?" ಕಾರ್ಮೆಲಿನ್ ಬಾಯಿ ಕೇಳಿದಳು.
ಓದಿ ಹೇಳಿದೆ.
"ಗೋಡೆ ಇಲ್ಲವಾ?
ಹಾಗಾದ್ರೆ ಮೂರು ಹೆರಿಗೆ
ನಾನು ಬೆನ್ನು ಕೊಟ್ಟು ಕೂತದ್ದು ಯಾವುದಕ್ಕೆ?"

ಫಾರಮ್ಮಿನಲ್ಲಿ ಷರಾ ಅಂತ ಒಂದು ಜಾಗವಿತ್ತು.
ಖಾಲಿ ಬಿಟ್ಟೆ.

ಜನವರಿಯಲ್ಲಿ ಬಿಚ್ಚಿದರು.
ಆರು ಆಳು, ಮೂರು ದಿನ.
ತುಕ್ಕು ಹಿಡಿದ ಬೋಲ್ಟು ಪಾನಾಕ್ಕೆ ಜಗ್ಗಲಿಲ್ಲ,
ಗರಗಸವೇ ಬೇಕಾಯಿತು.
ಅದೇ ವಾರ ತಂತಿಬೇಲಿಯಾಚೆ
ನೌಕಾದಳದವರು ಒಂದು ಗೋದಾಮು ನಿಲ್ಲಿಸಿದರು,
ಬಾಗಿದ ತಗಡಿನದೇ, ಕಣ್ಣು ಕುಕ್ಕುವ ಹೊಸದು.
ಹೊತ್ತೊಯ್ಯುವಾಗ ಹಳೇ ತಗಡು ಅದರ ಮುಂದೆಯೇ ಹಾದಿತು,
ಎಣ್ಣೆಯ ವಾಸನೆಗೆ ಸಂತ್ರಿ ಮುಖ ತಿರುಗಿಸಿದ.

ಈಗ ಒಂದು ತಗಡು ಬಾವಿಗೆ ಮುಚ್ಚಳ,
ಎರಡು ಯಾರದೋ ಸಿಗಡಿ ಹೊಂಡದ ಒಡ್ಡಿಗೆ.
ಪೆನ್ಶನ್ ಕಾಗದದ ಕೆಲಸಕ್ಕೆ ಆ ಕಡೆ ಹೋದವನು
ಕಾಲನಿಯಲ್ಲಿ ಕಾರ್ಮೆಲಿನ್ ಬಾಯಿಯ ಮನೆ ಹೊಕ್ಕೆ.
ಸಿಮೆಂಟಿನ ನಾಲ್ಕು ಗೋಡೆ, ಗುಂಡು ಬಿಟ್ಟು ನೋಡಿದರೂ ನೇರ.
ಬೀರು ಗೋಡೆಗೆ ಒತ್ತಿ ಕೂತಿದೆ,
ನಡುವೆ ಕಾಗದವೂ ತೂರದು.
ಚಹಾ ಕೊಟ್ಟಳು. ನನ್ನ ಗುರುತು ಹತ್ತಿರಲಿಲ್ಲ,
ಹತ್ತಿದ್ದರೂ ಹೇಳಲಿಲ್ಲ.
ಒಂದು ಕೆಂಪು ಕೋಳಿ
ಬೀರುವಿನ ಈ ಬದಿಗೊಮ್ಮೆ ಆ ಬದಿಗೊಮ್ಮೆ
ಕತ್ತು ಚಾಚಿ ನೋಡುತ್ತ,
ಕೊಕ್ಕೊಕ್ಕೋ ಅನ್ನುತ್ತ
ಸುತ್ತುತ್ತಲೇ ಇತ್ತು.