ಶೇಷ

ಲಿಯೆಪಾಯ ಬಂದರಿನ ಶಾಲೆಯಲ್ಲಿ ಹಳೆ ಕಂಪ್ಯೂಟರೊಂದು
ನಲವತ್ತೊಂದು ದಿನದಿಂದ ಒಂದೇ ಸಂಖ್ಯೆಯನ್ನು ಅಗಿಯುತ್ತಿದೆ.
ಎರಡನ್ನು ಎರಡರಿಂದಲೇ ಕೋಟಿಗಟ್ಟಲೆ ಸಲ ಗುಣಿಸಿ
ಒಂದು ಕಳೆದದ್ದು.
ಯಂತ್ರದ ಲಿಪಿಯಲ್ಲಿ ಬರೆದರೆ ಬರೀ
ಒಂದು ಒಂದು ಒಂದು ಒಂದು,
ಸೊನ್ನೆ ಕೂರಲು ಎಡೆಯೇ ಇಲ್ಲ.

ಕಸ ಗುಡಿಸುವ ಔಸ್ಮಾ
ಅದರ ಬಿಸಿಯುಸಿರಿಗೆ ಕೈಗವಸು ಹಿಡಿಯುತ್ತಾಳೆ.

ಇವತ್ತು ತೀರ್ಪು ಬಂತು:
ಕೊನೆಗೆ ಉಳಿಯಬೇಕಿದ್ದ ಸೊನ್ನೆ ಉಳಿಯಲಿಲ್ಲ,
ಇದು ಅವಿಭಾಜ್ಯವಲ್ಲ.
ಹಾಗಾದರೆ ಯಾವುದು ಭಾಗಿಸುತ್ತದೆ?
ಅದು ಯಂತ್ರಕ್ಕೂ ತಿಳಿಯದು.
ಒಡೆಯುತ್ತದೆ ಅನ್ನುವುದಷ್ಟೇ ಗೊತ್ತು,
ಎಲ್ಲಿ ಅಂತಲ್ಲ.

ವಾಲ್ಡಿಸ್ ಕೂಡ
ಪೆಟ್ಟಿಗೆ ಎತ್ತಿಕೊಂಡಾಗ ಇಷ್ಟೇ ಹೇಳಿದ್ದ.

ಅವಳು ಮುಂದಿನ ಘಾತವನ್ನು ಒತ್ತುತ್ತಾಳೆ.
ಅದಾದರೂ ಅವಿಭಾಜ್ಯವೇ ಇರಬೇಕು, ನಿಯಮ.
ಗವಸಿನ ಹೆಬ್ಬೆರಳು ಇನ್ನೂ ಹಸಿ.