ಒಳಗೆ ಬಿಟ್ಟ ಬಟ್ಟೆ

ಲ್ಯಾಮಿಂಗ್ಟನ್ ರಸ್ತೆ, ಎರಡನೇ ಮಾಳಿಗೆ.
ಖೋಜೇಮ ಭಾಯಿ ಲ್ಯಾಪ್‌ಟಾಪನ್ನು ಬೋರಲು ಮಲಗಿಸಿ
ಹತ್ತು ತಿರುಪು ಬಿಚ್ಚಿ ಬೆನ್ನು ತೆರೆದು ತೋರಿಸಿದ:
"ನೋಡಿ ಮಾಸ್ಟರ್, ಇಲ್ಲಿ ಏನೂ ಇಲ್ಲ.
ಈ ಏನೂ ಇಲ್ಲದ್ದಕ್ಕೇ ಆರು ಸಾವಿರ ಜಾಸ್ತಿ."

ಕನ್ನಡಕ ಏರಿಸಿಕೊಂಡು ಬಗ್ಗಿದೆ.
ಹಸಿರು ಹಲಗೆಯ ಮೇಲೆ ಎರಡು ಬೆರಳಗಲದ ಖಾಲಿ,
ಅದರ ತುದಿಗೆ ಒಂಟಿ ತಿರುಪು, ಯಾರನ್ನೋ ಕಾದಂತೆ.
ಪಕ್ಕದಲ್ಲಿ ರ‍್ಯಾಮಿಗೆ ಎರಡು ಗೂಡು,
ಒಂದು ತುಂಬಿದೆ, ಒಂದು ಬಾಯಿ ಬಿಟ್ಟಿದೆ.

ಕಾಂದಿವಲಿಯಲ್ಲಿ ನನ್ನ ಅಂಗಡಿ ಏಳಡಿಗೆ ಒಂಬತ್ತು.
ಕತ್ತರಿ ನೇತುಹಾಕಲು ಮೊಳೆ ಹೊಡೆದರೆ
ಆಚೆ ಝೆರಾಕ್ಸಿನವನ ಗೋಡೆಯಲ್ಲಿ ಅದರ ಮೂಗು.
ಖಾಲಿಗೆ ಕಾಸು ಕೊಡುವುದು ಈ ಊರಿಗೆ ಹೊಸದಲ್ಲ,
ಆದರೆ ಇಷ್ಟೇ ಇಷ್ಟು ಖಾಲಿಗೆ?

ಮೇಜಿನ ಮೇಲೆ ಇನ್ನೊಂದಿತ್ತು,
ವೀಳ್ಯದೆಲೆಯಂಥ ತೆಳುವು, ಅಗ್ಗ.
ಅದರ ರ‍್ಯಾಮನ್ನು ಬೆಸುಗೆ ಹಾಕಿಯೇ ಕೂರಿಸಿದ್ದಾರಂತೆ.
ಇವತ್ತು ಎಂಟು ಅಂದರೆ ಸಾಯೋತನಕ ಎಂಟು.
"ರೆಡಿಮೇಡು," ಅಂದೆ.
ಖೋಜೇಮ ಚಹಾ ತರಿಸಿದ.

ಗುಳೇದಗುಡ್ಡದಲ್ಲಿ ನನಗೆ ಕತ್ತರಿ ಹಿಡಿಸಿದ
ದಾವಲಸಾಬ ಮಾಸ್ತರ್ ಅಳತೆಪಟ್ಟಿಯಿಂದಲೇ ಬಾರಿಸುತ್ತಿದ್ದರು:
"ಒಳಗ ಒಂದಿಂಚು ಬಿಡೋ ಮಗನ,
ಬಟ್ಟಿ ಉಳಸಾಕ ಹೋಗಿ ಗಿರಾಕಿ ಕಳಕೋಬ್ಯಾಡ.
ಮೈ ಅನ್ನೋದು ಇವತ್ತ ಇದ್ದಂಗ ನಾಳೆ ಇರೂದಿಲ್ಲ."
ಪರುಳೇಕರ ಬಾಯಿಯ ಖಣದ ಕುಪ್ಪಸವನ್ನು
ನಾನು ನಾಲ್ಕು ಸಲ ಬಿಚ್ಚಿ ಹಿಗ್ಗಿಸಿದ್ದೇನೆ:
ಎರಡು ಬಾಣಂತನ, ಒಂದು ಥೈರಾಯ್ಡು,
ಇನ್ನೊಂದಕ್ಕೆ ಕಾರಣ ಕೇಳಲಿಲ್ಲ.
ಬಿಚ್ಚಿದಾಗೆಲ್ಲ ಒಳಗಿನ ಆ ಪಟ್ಟಿ
ಬಿಸಿಲು ಕಾಣದೆ ಹೊಸ ಬಣ್ಣದಲ್ಲೇ ಇರುತ್ತಿತ್ತು.

ಎಡ ಪಕ್ಕೆಯಲ್ಲಿ ಸಣ್ಣ ಕಿಂಡಿ ಎರಡು.
ಒಂದರ ಮಗ್ಗುಲಿಗೆ ಎಳ್ಳಿನಷ್ಟು ಸಿಡಿಲಿನ ಗುರುತು.
"ಸೆಕೆಂಡಿಗೆ ನಲವತ್ತು ಗಿಗಾಬಿಟ್ ಮಾಸ್ಟರ್!"
ನನಗೆ ಗೊತ್ತಿರುವ ವೇಗ ನಿಮಿಷಕ್ಕೆ ಎಂಟುನೂರು ಹೊಲಿಗೆ.
ಎಂಬ್ರಾಯಿಡರಿಗೆ ನಾನು ಕಳಿಸುವ ನವಿಲು
ಬಾಲ ಸೇರಿ ಅರವತ್ತು ಕೆಬಿ.
"ಇವತ್ತಿಗಲ್ಲ, ನಾಳೆಗೆ," ಅಂದ.
"ಎಷ್ಟು ವರ್ಷ ಬರುತ್ತೆ?"
"ಏಳೆಂಟು ಆರಾಮಾಗಿ. ಬೇಕಾದ್ದು ಸೇರಿಸ್ತಾ ಹೋಗಿ."
ಆಗ ನನಗೆ ಅರವತ್ತಾರು.
ಸೂಜಿಗೆ ದಾರ ಈಗಲೇ ಹುಡುಗ ಓಂಕಾರ ಪೋಣಿಸಿ ಕೊಡುತ್ತಾನೆ.
ಈ ಕಣ್ಣು ಬೆಸುಗೆ ಹಾಕಿ ಕೂರಿಸಿದ್ದು;
ಅದನ್ನು ಖೋಜೇಮನಿಗೆ ಹೇಳಲಿಲ್ಲ.

ಬಲಗಡೆ ತಿರುಗಿಸಿ ನೋಡಿದೆ.
"ಹಳೇ ದಪ್ಪ ಯುಎಸ್‌ಬಿ ಇದೆಯಾ?"
ಉಲ್ಲಾಸನಗರದಿಂದ ತಂದ ನನ್ನ ಎರಡನೇ ಕೈ ಮಷೀನು
ಎರಡು ಜಿಬಿಯ ಪೆನ್‌ಡ್ರೈವು ಬಿಟ್ಟು
ಯಾರ ಕೈಯ ತುತ್ತೂ ತಿನ್ನುವುದಿಲ್ಲ.
"ಒಂದಿದೆ. ಆದರೆ ಅದು ಹೋಗ್ತಾ ಇದೆ ಮಾಸ್ಟರ್."
"ಹೋಗಲಿ. ಹೋಗೋತನಕ ಬೇಕಲ್ಲ."
ಚೌಕಾಸಿಯಲ್ಲಿ ಐನೂರು ಬಿಟ್ಟ, ಚೀಲ ಕೊಟ್ಟ.

ಗ್ರ್ಯಾಂಟ್ ರೋಡಿನಲ್ಲಿ ಸ್ಲೋ ಗಾಡಿ.
ಮೂವರ ಸೀಟಿಗೆ ನಾನು ನಾಲ್ಕನೆಯವ.
ಕಿಟಕಿಯವನು ಫೋನಿನಿಂದ ತಲೆ ಎತ್ತದೆ
ನಾಲ್ಕು ಬೆರಳು ಸರಿದ, ಅವನ ಪಕ್ಕದವನು ಮೂರು.
ಅರ್ಧ ಮೈ ಒಳಗೆ, ಅರ್ಧ ಹೊರಗೆ,
ಎದೆಗೆ ಅವುಚಿದ ಚೀಲದಲ್ಲಿ ಆರು ಸಾವಿರದ ಖಾಲಿ,
ಐನೂರು ಕಮ್ಮಿ.

ರಾತ್ರಿ ಪರುಳೇಕರ ಬಾಯಿಯ ಹೊಸ ಖಣ ಹಾಸಿದೆ.
ಈಗ ಎಪ್ಪತ್ತೊಂಬತ್ತು ಅವರಿಗೆ.
ಪುಸ್ತಕದಲ್ಲಿ ಅಳತೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ,
ಇನ್ನು ಹಿಗ್ಗುವ ಮೈ ಅಲ್ಲ ಅದು.
ಸೀಮೆಸುಣ್ಣ ಹಿಡಿದು ಸ್ವಲ್ಪ ಹೊತ್ತು ನಿಂತೆ.
ಆಮೇಲೆ ಗೆರೆ ಎಳೆದೆ,
ಒಂದಿಂಚು ಬಿಟ್ಟೇ.